ಟಕಟಕ ಸಪ್ಪಳದ ಕಥಿ

ಹಳೇ ಕಾರು ಟಕಟಕ ಅಂದ್ರ "ಟ್ಯಾಪೆಟ್ ಸೆಟ್ಟಿಂಗ್ ಮಾಡಸ್ರಿ" ಅಂತಿದ್ರು. ಹಂಗಂದ್ರೇನು ಅಂತ ನಮಗ ಹೆಣ್ಮಕ್ಕಳಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಕೇಳ್ರಿ.

ಎಂಜಿನ್ನಿಗೆ ಗಾಳಿ-ಪೆಟ್ರೋಲು ಒಳಗ ಬರಾಕ, ಹೊಗಿ ಹೊರಗ ಹೋಗಾಕ ವಾಲ್ವ್ ಅನ್ನೋ ಸಣ್ಣ ಬಾಗಲಾ ಇರ್ತಾವ. ಮಳಿಗಾಲದಾಗ ಕಟಗಿ ಬಾಗಲಾ ಉಬ್ಬಿದಂಗ, ಇವು ಕಾದಾಗ ಹಿಗ್ಗತಾವ. ಅದಕ್ಕ ವಾಲ್ವಿಗೂ ಅದನ್ನ ಒತ್ತೋ ರಾಕರಿಗೂ ನಡುವ ಅರ್ಧ ಮಿಲಿಮೀಟರಿಗಿಂತ ಕಡಿಮಿ ಸಂದಿ ಬಿಡ್ತಾರ.

1950ರ ದಶಕದ ಕೊನೀಗೆ ಬಂದ ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೆ ಎಂಟು ವಾಲ್ವು. ಮೆಕ್ಯಾನಿಕ್‌ಗಳದು ಒಂಬತ್ತರ ಲೆಕ್ಕ: 1ನೇದು ಪೂರಾ ತೆರೆದಾಗ 8ನೇದರ ಸಂದಿ ಅಳೀಬೇಕು, 3ನೇದು ತೆರೆದಾಗ 6ನೇದ್ದು. ಫೀಲರ್ ಗೇಜಿನ ತೆಳ್ಳನ ಪಟ್ಟಿ ಸಂದ್ಯಾಗ ಹಾಕಿ ಎಳದ್ರ ತುಸು ಬಿಗಿ ಬರಬೇಕು. ಇಲ್ಲಂದ್ರ ಸ್ಕ್ರೂ ತಿರುವೂದು, ನಟ್ ಬಿಗಿಯೂದು. 1983ರ ಮಾರುತಿ 800ಕ್ಕೂ ಇದೇ ಕೆಲಸ, ವಾಲ್ವ್ ಮಾತ್ರ ಆರು.

ಎಣ್ಣಿ ಒತ್ತಡದಿಂದ ಸಂದಿ ತಾನ ತುಂಬ್ಕೊಳ್ಳೋ ಹೈಡ್ರಾಲಿಕ್ ಏರ್ಪಾಡನ್ನ ಅಮೆರಿಕದ ಕ್ಯಾಡಿಲಾಕ್ 1930ರಾಗ ತಂದಿತ್ತು. ನಮ್ಮ ಮನಿ ಕಾರಿಗೆ ಅದು ಭಾಳ ತಡಾ ಬಂತು, ಎಲ್ಲಾ ಕಾರಿಗೂ ಬರಲಿಲ್ಲ.

ಆದ್ರ ಸಪ್ಪಳಿಲ್ಲಂದ್ರ ಎಲ್ಲಾ ಸರಿ ಐತಿ ಅನ್ಕೋಬ್ಯಾಡ್ರಿ. ಸಂದಿ ಹೆಚ್ಚಾದ್ರ ಕಾರು ಕೂಗಿ ಹೇಳತೈತಿ. ಕಡಿಮಿಯಾದ್ರ ಸುಮ್ಮನಿರತೈತಿ, ಪೂರಾ ಮುಚ್ಚಲಾರದ ವಾಲ್ವ್ ಒಳಗ ಸುಟ್ಟು ಹೋಗತೈತಿ. ಗ್ಯಾಸ್ ಕಿಟ್ ಹಾಕಿಸಿದ ಹಳೇ ಕಾರಿಗೆ ಈ ಕಾಟ ಹೆಚ್ಚು. ಅಂಥಾ ಗಾಡಿ ಮನ್ಯಾಗಿದ್ರ, "ಎಂಜಿನ್ ಮೆತ್ತಗ ಓಡತೈತಿ ಬಿಡು" ಅಂದ್ರೂ ಬಿಡಬ್ಯಾಡ್ರಿ. ಸರ್ವಿಸ್ ಪುಸ್ತಕದಾಗಿನ ಅಳತಿಗೆ ಹಿಡದು ಒಮ್ಮೆ ನೋಡಸ್ರಿ.