ಗೇಯೋರ್ಗ್ ಲೇಬರ್

ಗೇಯೋರ್ಗ್ ಲೇಬರ್ (1920-2012): ಪಶ್ಚಿಮ ಜರ್ಮನಿಯ ಕಾರ್ಮಿಕ ಮುಖಂಡ, ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ರಾಜಕಾರಣಿ. ಹೆಸ್ಸೆ ಪ್ರದೇಶದ ಓಬರ್‌ಟೀಫೆನ್‌ಬಾಖ್ ಎಂಬ ಹಳ್ಳಿಯಲ್ಲಿ 1920ರ ಅಕ್ಟೋಬರ್ 7ರಂದು ಹುಟ್ಟಿದ. ತಂದೆ ಗಾರೆ ಕೆಲಸಗಾರ. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಲೇಬರ್, ಯುದ್ಧ ಮುಗಿದ ಮೇಲೆ ತಾನೂ ಗಾರೆ ಕೆಲಸಕ್ಕಿಳಿದ. 1947ರಲ್ಲಿ ಪಕ್ಷವನ್ನೂ ಕಾರ್ಮಿಕ ಸಂಘವನ್ನೂ ಸೇರಿದ.

1957ರಲ್ಲಿ ಕಟ್ಟಡ ಕಾರ್ಮಿಕರ ಸಂಘದ ಅಧ್ಯಕ್ಷನಾದ; ಅದೇ ವರ್ಷ ಸಂಸತ್ತಿಗೂ ಆಯ್ಕೆಯಾದ. ದುಡಿಯುವವನಿಗೆ ಕೂಲಿಯಷ್ಟೇ ಸಾಲದು, ಆಸ್ತಿಯಲ್ಲೂ ಪಾಲು ಸಿಗಬೇಕೆಂಬುದು ಅವನ ನಿಲುವು. 1965ರ ಕೂಲಿ ಒಪ್ಪಂದದಲ್ಲಿ ಇದು ಕಾರ್ಯರೂಪಕ್ಕೆ ಬಂತು. ಕೆಲಸಗಾರ ಗಂಟೆಗೆ 2 ಫೆನಿಗ್ (ಆಗಿನ ಜರ್ಮನ್ ಚಿಲ್ಲರೆ ನಾಣ್ಯ) ಉಳಿಸಿದರೆ ಮಾಲೀಕ 9 ಫೆನಿಗ್ ಸೇರಿಸಿ ಅವನ ಹೆಸರಿನಲ್ಲಿ ತೊಡಗಿಸಬೇಕಾಯಿತು.

1966ರಲ್ಲಿ ಎರಡು ಪ್ರಮುಖ ಪಕ್ಷಗಳು ಕೂಡಿ ರಚಿಸಿದ ಮಹಾಮೈತ್ರಿ ಸರ್ಕಾರದ ಸಾರಿಗೆ ಸಚಿವನಾದ. 1969ರಿಂದ ಅಂಚೆ ಖಾತೆಯೂ ಜೊತೆಗೂಡಿತು. ಯಾವ ಜರ್ಮನ್ ಪ್ರಜೆಯ ಮನೆಯೂ ಹೆದ್ದಾರಿಯಿಂದ 20 ಕಿ.ಮೀ.ಗಿಂತ ದೂರವಿರಬಾರದು ಎಂಬ ಗುರಿ ಹಾಕಿಕೊಂಡ. ದೂರದ ಸರಕು ಸಾಗಣೆಯನ್ನು ಲಾರಿಯಿಂದ ರೈಲಿಗೆ ತಿರುಗಿಸುವ 1967ರ ಯೋಜನೆ ಅವನ ಹೆಸರಿನಿಂದಲೇ ಪ್ರಸಿದ್ಧ. ಕೆಲವು ಭಾರೀ ಸರಕುಗಳನ್ನು ದೂರದ ರಸ್ತೆ ಸಾಗಣೆಯಿಂದ ನಿಷೇಧಿಸುವ ಅಂಶಕ್ಕೆ ತೀವ್ರ ವಿರೋಧ ಬಂದು ಅದನ್ನು ಕೈಬಿಡಬೇಕಾಯಿತು. ರಸ್ತೆ-ರೈಲು ಜಂಟಿ ಸಾಗಣೆಗೆ ಮಾತ್ರ ಉತ್ತೇಜನ ದೊರೆಯಿತು.

1972ರ ಜುಲೈಯಲ್ಲಿ ರಕ್ಷಣಾ ಸಚಿವನಾದ. ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನ ವೇಳೆ ಭಯೋತ್ಪಾದಕರ ದಾಳಿಯಲ್ಲಿ ಇಸ್ರೇಲಿ ಕ್ರೀಡಾ ತಂಡದ 11 ಮಂದಿ ಹತರಾದರು. ಕೆಲವೇ ದಿನಗಳ ನಂತರ, ಸಮಾರೋಪದ ಹೊತ್ತಿಗೆ, ಗುರುತು ಸಿಗದ ವಿಮಾನವೊಂದು ಕ್ರೀಡಾಂಗಣದತ್ತ ಬರುತ್ತಿರುವುದು ಕಂಡಿತು. ಯುದ್ಧವಿಮಾನಗಳು ಮೇಲೇರಿದರೂ ಲೇಬರ್ ಗುಂಡು ಹಾರಿಸಲು ಆಜ್ಞೆ ಕೊಡಲಿಲ್ಲ. ಅದು ದಾರಿ ತಪ್ಪಿದ ಫಿನ್ಲೆಂಡಿನ ಪ್ರಯಾಣಿಕ ವಿಮಾನವಾಗಿತ್ತು. ಸೇನಾಧಿಕಾರಿಗಳಿಗೆ ಉನ್ನತ ಶಿಕ್ಷಣ ನೀಡಲು ಹ್ಯಾಂಬರ್ಗ್ ಮತ್ತು ಮ್ಯೂನಿಕ್‌ಗಳಲ್ಲಿ ವಿದ್ಯಾಸಂಸ್ಥೆಗಳು 1973ರಲ್ಲಿ ಆರಂಭವಾದದ್ದು ಇವನ ಅವಧಿಯಲ್ಲೇ. ಇವು ಮುಂದೆ ಸೇನಾ ವಿಶ್ವವಿದ್ಯಾಲಯಗಳೆನಿಸಿದವು.

ಸೇನಾ ಗುಪ್ತಚರ ವಿಭಾಗ ಬೇಹುಗಾರಿಕೆಯ ಶಂಕೆಯಿಂದ, ಸಚಿವನ ಅರಿವಿಗೆ ಬಾರದಂತೆ, ಅವನ ಕಾರ್ಯದರ್ಶಿಯ ಮನೆಯಲ್ಲಿ ಕದ್ದಾಲಿಸಿತ್ತು. ಆ ಶಂಕೆಗೆ ಆಧಾರವಿರಲಿಲ್ಲ. ವಿಷಯ ಬಯಲಾದಾಗ, ಚಾನ್ಸಲರ್ ಹೆಲ್ಮುಟ್ ಸ್ಮಿಟ್ ಬೇಡವೆಂದರೂ, ಲೇಬರ್ ಹೊಣೆ ಹೊತ್ತು 1978ರ ಫೆಬ್ರವರಿಯಲ್ಲಿ ರಾಜೀನಾಮೆಯಿತ್ತ.

1979ರಿಂದ 1983ರವರೆಗೆ ಸಂಸತ್ತಿನ ಉಪಾಧ್ಯಕ್ಷನಾಗಿದ್ದ. 1984ರಲ್ಲಿ ವಾರಕ್ಕೆ 35 ಗಂಟೆ ಕೆಲಸದ ಬೇಡಿಕೆಯಿಟ್ಟು ಲೋಹೋದ್ಯಮದ ಕಾರ್ಮಿಕರು ಮುಷ್ಕರ ಹೂಡಿದಾಗ ಸಂಧಾನಕ್ಕೆ ಇವನನ್ನೇ ಕರೆಯಲಾಯಿತು. ಇವನು ಮುಂದಿಟ್ಟ ಸೂತ್ರದಂತೆ ಕೆಲಸದ ವಾರ 40 ಗಂಟೆಯಿಂದ ಸರಾಸರಿ 38.5ಕ್ಕೆ ಇಳಿಯಿತು, ಬದಲಿಗೆ, ಯಾರಿಗೆ 37, ಯಾರಿಗೆ 40 ಗಂಟೆ ಎಂಬುದನ್ನು ಆಯಾ ಕಾರ್ಖಾನೆಯಲ್ಲೇ ಗೊತ್ತುಪಡಿಸಲು ಅವಕಾಶವಾಯಿತು. 2012ರ ಆಗಸ್ಟ್ 21ರಂದು ಬವೇರಿಯದ ಶ್ಯೋನೌದಲ್ಲಿ ನಿಧನನಾದ.