ಐವತ್ತು ಪಿಸ್ತೂಲು, ಐವತ್ತು ನಂಬರು

ಚುನಾವಣೆ ಘೋಷಣೆ ಆಯಿತೆಂದರೆ ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡ ರೈತರಿಗೆ ಒಂದು ಕೆಲಸ ಹೆಚ್ಚು. ಕೋವಿಯನ್ನು ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರಬೇಕು. ಅಲ್ಲಿ ಪೊಲೀಸರು ನೋಡುವುದು ಕೋವಿಯ ಮೇಲೆ ಕೊರೆದ ನಂಬರನ್ನು. ಅದು ಲೈಸೆನ್ಸಿನಲ್ಲಿರುವ ನಂಬರಿಗೆ ತಾಳೆಯಾಗಬೇಕು. ಅದರಲ್ಲೇನಿದೆ ಮಹಾ ಎನ್ನಬೇಡಿ. ನೂರು ವರ್ಷದ ಹಿಂದೆ ಇಂಥ ಐವತ್ತು ನಂಬರುಗಳಿಗಾಗಿ ಬ್ರಿಟಿಷ್ ಸರ್ಕಾರ ಇಡೀ ಬಂಗಾಳವನ್ನು ಜಾಲಾಡಿತ್ತು.

ಅವು ಮೌಸರ್ ಪಿಸ್ತೂಲಿನ ನಂಬರುಗಳು. ಸ್ವಾತಂತ್ರ್ಯ ಹೋರಾಟದ ಕತೆಗಳಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ. ಇದರ ತಯಾರಿಕೆ 1930ರ ದಶಕದ ಕೊನೆಗೇ ನಿಂತುಹೋಯಿತು. ಆದರೆ ಕೈಯಿಂದ ಕೈಗೆ ಹೋಗುತ್ತ, ಹೋದ ಕಡೆಯೆಲ್ಲ ರೂಪ ಬದಲಿಸುತ್ತ ಬಂದ ಇದರಷ್ಟು ವಿಚಿತ್ರ ಚರಿತ್ರೆ ಇನ್ನೊಂದು ಪಿಸ್ತೂಲಿಗೆ ಇರಲಾರದು.

ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಯಲ್ಲಿ ಫೀಡರ್ಲೆ ಎಂಬ ಅಣ್ಣತಮ್ಮಂದಿರು ಇದನ್ನು ರೂಪಿಸಿದರು. ಮಾರಾಟಕ್ಕೆ ತಯಾರಿ ಶುರುವಾದದ್ದು 1896ರಲ್ಲಿ. ಆಗಿನ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಆರು ಗುಂಡು. ಇದರಲ್ಲಿ ಹತ್ತು. ಒಂದು ಸಲ ಟ್ರಿಗರ್ ಒತ್ತಿದರೆ ಒಂದು ಗುಂಡು ಹಾರಿ, ಮುಂದಿನದು ತಾನಾಗಿ ಬಂದು ಕೂರುತ್ತಿತ್ತು. ಹಿಡಿಕೆ ಪೊರಕೆಯ ಹಿಡಿಯಂತೆ ಗುಂಡಗಿದ್ದುದರಿಂದ ಇಂಗ್ಲಿಷರು ಅದೇ ಅಡ್ಡಹೆಸರಿಟ್ಟರು. ಹಿಡಿಕೆಯ ಮರ ಕೂರಿಸುವ ಒಂದು ಸ್ಕ್ರೂ ಬಿಟ್ಟರೆ ಒಳಗೆ ಸ್ಕ್ರೂಗಳೇ ಇಲ್ಲ. ಒಂದು ಭಾಗದೊಳಗೆ ಇನ್ನೊಂದು ಭಾಗ ಕಚ್ಚಿಕೊಂಡು ನಿಲ್ಲುತ್ತದೆ, ಹಳೆಯ ಬಡಗಿಗಳು ಮೊಳೆಯಿಲ್ಲದೆ ಬಾಗಿಲ ಚೌಕಟ್ಟು ಕೂರಿಸುತ್ತಿದ್ದ ಹಾಗೆ.

ಇದರ ಜೊತೆ ಒಂದು ಮರದ ಪೆಟ್ಟಿಗೆ ಬರುತ್ತಿತ್ತು. ಪಿಸ್ತೂಲನ್ನು ಒಳಗಿಟ್ಟರೆ ಅದೇ ಒರೆ. ಹೊರತೆಗೆದು ಪೆಟ್ಟಿಗೆಯನ್ನು ಹಿಡಿಕೆಯ ಹಿಂದಕ್ಕೆ ಸಿಕ್ಕಿಸಿದರೆ ಪಿಸ್ತೂಲೇ ಚಿಕ್ಕ ಬಂದೂಕು, ಭುಜಕ್ಕೆ ಆನಿಸಿ ಗುರಿಯಿಡಬಹುದು. ಸಾವಿರ ಮೀಟರ್ ದೂರದವರೆಗೆ ಗುರಿಯ ಗುರುತು ಬೇರೆ ಕೊರೆದಿದ್ದರು. ಅದು ಮಾರಾಟಕ್ಕೆ ಹೇಳುವ ಮಾತು ಅಷ್ಟೆ, ಅಷ್ಟು ದೂರ ಪಿಸ್ತೂಲಿನಲ್ಲಿ ಯಾರು ಹೊಡೆದಾರು? ಆದರೆ ಈ ಪೆಟ್ಟಿಗೆಯ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇದನ್ನು ಮೊದಲು ಇಷ್ಟಪಟ್ಟು ಕೊಂಡವರು ಸ್ವಂತ ದುಡ್ಡಿನ ಗಿರಾಕಿಗಳು. ಅವರಲ್ಲೊಬ್ಬ ನಮ್ಮ ಬೆಂಗಳೂರು ದಂಡಿನಲ್ಲಿದ್ದ ಸೇನಾಧಿಕಾರಿ, ವಿನ್‌ಸ್ಟನ್ ಚರ್ಚಿಲ್. 1896ರಲ್ಲಿ ಮುಂಬೈ ಧಕ್ಕೆಯಲ್ಲಿ ದೋಣಿಯಿಂದ ಇಳಿಯುವಾಗ ಆತನ ಭುಜದ ಕೀಲು ತಪ್ಪಿತ್ತು. ಆ ತೋಳಿನಲ್ಲಿ ಕತ್ತಿ ಬೀಸಲು ಧೈರ್ಯವಿಲ್ಲದೆ, 1898ರಲ್ಲಿ ಸೂಡಾನಿನ ಯುದ್ಧಕ್ಕೆ ಹೊರಟಾಗ ಲಂಡನ್ನಿನಲ್ಲಿ ಮೌಸರ್ ಕೊಂಡ. ಆಮ್ದುರ್ಮಾನ್ ಕಾಳಗದಲ್ಲಿ ಕುದುರೆ ಮೇಲೆ ನುಗ್ಗಿದವರು ಈಟಿ, ಕತ್ತಿ ಹಿಡಿದಿದ್ದರೆ ಈತನ ಕೈಯಲ್ಲಿ ಮೌಸರ್ ಇತ್ತು. ಮರುವರ್ಷ ದಕ್ಷಿಣ ಆಫ್ರಿಕಾದಲ್ಲಿ ಅದನ್ನು ರೈಲಿನ ಇಂಜಿನ್ನಿನಲ್ಲಿ ಮರೆತು ಇಳಿದು, ಬರಿಗೈಯಲ್ಲಿ ಬೋಯರರಿಗೆ ಸೆರೆಸಿಕ್ಕ.

ಚರ್ಚಿಲ್ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದ. ಅದೇ ಬೆಂಗಳೂರಿನ ಒಬ್ಬ ಭಾರತೀಯನಿಗೆ ಅದು ಸಾಧ್ಯವಿತ್ತೇ? 1878ರ ಶಸ್ತ್ರ ಕಾಯ್ದೆ ಪ್ರಕಾರ ಭಾರತೀಯರು ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಯುರೋಪಿಯನ್ನರಿಗೆ ವಿನಾಯಿತಿ. ಗಾಂಧೀಜಿಯಂಥ ಅಹಿಂಸಾವಾದಿಯೂ ಈ ಕಾಯ್ದೆಯನ್ನು ಕರಾಳವೆಂದೇ ಬಗೆದಿದ್ದರು. ಕೊಳ್ಳಲಾಗದವರು ಏನು ಮಾಡಿದರು ಎಂಬುದಕ್ಕೆ ಕಲ್ಕತ್ತಾಕ್ಕೆ ಬರಬೇಕು.

26 ಆಗಸ್ಟ್ 1914. ಮೊದಲ ಮಹಾಯುದ್ಧ ಶುರುವಾಗಿ ತಿಂಗಳೂ ತುಂಬಿರಲಿಲ್ಲ. ರೊಡ್ಡಾ ಎಂಬ ಆಯುಧ ವ್ಯಾಪಾರದ ಕಂಪನಿಗೆ ಹಡಗಿನಲ್ಲಿ ಮಾಲು ಬಂದಿತ್ತು. ಕಸ್ಟಮ್ಸ್‌ನಿಂದ ಬಿಡಿಸಿ ತರುವ ಕೆಲಸ ಶ್ರೀಶಚಂದ್ರ ಮಿತ್ರ ಎಂಬ ಗುಮಾಸ್ತನದು. ಆತ ಕ್ರಾಂತಿಕಾರಿಗಳ ಕಡೆಯವನೆಂದು ಕಂಪನಿಗೆ ಗೊತ್ತಿರಲಿಲ್ಲ. ಬಿಡಿಸಿದ್ದು 202 ಪೆಟ್ಟಿಗೆ. ಎತ್ತಿನ ಗಾಡಿಗಳಲ್ಲಿ ಗೋದಾಮಿಗೆ ಬಂದದ್ದು 192. ‘ಉಳಿದದ್ದು ತರುತ್ತೇನೆ’ ಎಂದು ಹೋದವನು ಮತ್ತೆ ಬರಲೇ ಇಲ್ಲ. ಹಿಂದುಳಿದ ಗಾಡಿ ಹೊಡೆಯುತ್ತಿದ್ದವನು ಹರಿದಾಸ ದತ್ತ, ಗಾಡಿಯವನ ವೇಷದ ಕ್ರಾಂತಿಕಾರಿ. ಆ ಹತ್ತು ಪೆಟ್ಟಿಗೆಯಲ್ಲಿದ್ದದ್ದು 50 ಮೌಸರ್ ಪಿಸ್ತೂಲು, 46,000 ಗುಂಡು.

ಒಂದು ಎತ್ತಿನ ಗಾಡಿಯ ಹೇರು! ಹಾಡಹಗಲಲ್ಲಿ, ಆಗಿನ ಬಂಗಾಳದ ರಾಜಧಾನಿಯ ನಡುಬೀದಿಯಲ್ಲಿ.

ಪ್ರತಿ ಪಿಸ್ತೂಲಿನ ಮೇಲೂ ನಂಬರ್ ಇತ್ತು. ಆ ನಂಬರುಗಳೆಲ್ಲ ರೊಡ್ಡಾ ಕಂಪನಿಯ ದಾಖಲೆಯಲ್ಲಿದ್ದವು. ಹಾಗಾಗಿ ಎಲ್ಲೇ ಒಂದು ಸಿಕ್ಕಿದರೂ ಇದು ಕಳವಿನ ಮಾಲೇ ಎಂದು ಗೊತ್ತಾಗುತ್ತಿತ್ತು. 1918ರಲ್ಲಿ ರೌಲತ್ ಸಮಿತಿ ತನ್ನ ವರದಿಯಲ್ಲಿ ಇದರ ಲೆಕ್ಕವನ್ನೇ ಬರೆದಿದೆ: 44 ಪಿಸ್ತೂಲು ಕೂಡಲೇ 9 ಗುಂಪುಗಳಿಗೆ ಹಂಚಿಹೋದವು, 54 ಡಕಾಯಿತಿ, ಕೊಲೆ ಮತ್ತು ಅಂಥ ಯತ್ನಗಳಲ್ಲಿ ಬಳಕೆಯಾದವು, 31 ವಾಪಸು ಸಿಕ್ಕವು. ಗುರಿಯಾದವರೆಲ್ಲ ಬಿಳಿಯರಲ್ಲ. ನಮ್ಮವರೇ ಆದ ಪೊಲೀಸರು, ಮನೆ ಲೂಟಿಯಾದ ಸಾಹುಕಾರರೂ ಇದ್ದರು. ಸಿನಿಮಾಗಳಲ್ಲಿ ಈ ಭಾಗ ಬರುವುದಿಲ್ಲ. ಇದೇ ವರದಿಯಿಂದ ಮರುವರ್ಷ ರೌಲತ್ ಕಾಯ್ದೆ ಬಂತು. ಅದರ ವಿರುದ್ಧ ಎದ್ದ ಚಳವಳಿಯ ನಡುವೆಯೇ ಜಲಿಯನ್‌ವಾಲಾ ಬಾಗ್ ಆಯಿತು.

ಮರದ ಪೆಟ್ಟಿಗೆಯ ವಿಷಯ ಹೇಳಿದ್ದೆನಲ್ಲ, ಅದು ಕೆಲಸಕ್ಕೆ ಬಂದದ್ದು ಒಡಿಶಾದ ಬಾಲಸೋರಿನ ಹತ್ತಿರ. ಜತೀಂದ್ರನಾಥ ಮುಖರ್ಜಿ, ಅಂದರೆ ಬಾಘಾ ಜತೀನ್, ಜರ್ಮನಿಯಿಂದ ಹಡಗು ತುಂಬ ಆಯುಧ ಬರುತ್ತದೆಂದು ಆ ಕಡಲ ಸೀಮೆಯಲ್ಲಿ ಕಾದಿದ್ದರು. ಹಡಗು ಬರಲಿಲ್ಲ, ಪೊಲೀಸರು ಬಂದರು. ಇವರು ಡಕಾಯಿತರೆಂದು ನಂಬಿ ಹಳ್ಳಿಯವರೂ ಬೆನ್ನಟ್ಟಿದರು. 9 ಸೆಪ್ಟೆಂಬರ್ 1915ರಂದು ಚಾಷಾಖಂಡದಲ್ಲಿ ಐದೇ ಜನ, ಪಿಸ್ತೂಲಿಗೆ ಪೆಟ್ಟಿಗೆ ಸಿಕ್ಕಿಸಿ ಭುಜಕ್ಕೆ ಆನಿಸಿಕೊಂಡು, ರೈಫಲ್ ಹಿಡಿದ ಪೊಲೀಸರನ್ನು ಒಂದು ತಾಸಿಗೂ ಹೆಚ್ಚು ಹೊತ್ತು ತಡೆದರು. ಚಿತ್ತಪ್ರಿಯ ಅಲ್ಲೇ ಸತ್ತ. ಜತೀನ್ ಮರುದಿನ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ಮನೋರಂಜನ, ನೀರೇನ್ ಇಬ್ಬರಿಗೆ ಗಲ್ಲು. ಜ್ಯೋತಿಷನಿಗೆ ಜೈಲು.

ಹತ್ತು ವರ್ಷದ ಮೇಲೆ, 9 ಆಗಸ್ಟ್ 1925ರಂದು, ಕಾಕೋರಿಯಲ್ಲಿ ಸರ್ಕಾರಿ ಹಣ ಸಾಗಿಸುತ್ತಿದ್ದ ರೈಲು ನಿಲ್ಲಿಸಿದ ರಾಮಪ್ರಸಾದ್ ಬಿಸ್ಮಿಲ್ ತಂಡದ ಬಳಿಯೂ ಮೌಸರ್‌ಗಳಿದ್ದವು. ಪ್ರಯಾಣಿಕರಿಗೆ ತೊಂದರೆ ಮಾಡಬಾರದು ಎಂಬುದು ತಂಡದ ಮಾತಾಗಿತ್ತು. ಆದರೂ ಹದಿಹರೆಯದ ಮನ್ಮಥನಾಥ ಗುಪ್ತರ ಕೈಯ ಮೌಸರ್‌ನಿಂದ ಗುಂಡು ಹಾರಿ ಅಹ್ಮದ್ ಅಲಿ ಎಂಬ ಪ್ರಯಾಣಿಕ ಸತ್ತರು. ಲೂಟಿಯ ಪ್ರಕರಣ ಕೊಲೆಯ ಪ್ರಕರಣವಾಯಿತು. ಬಿಸ್ಮಿಲ್, ಅಶ್ಫಾಕುಲ್ಲಾ, ರೋಶನ್ ಸಿಂಗ್, ರಾಜೇಂದ್ರ ಲಾಹಿರಿ ನಾಲ್ವರೂ 1927ರ ಡಿಸೆಂಬರಿನಲ್ಲಿ ಗಲ್ಲಿಗೇರಿದರು. ಗುಂಡು ಹಾರಿಸಿದ ಹುಡುಗನಿಗೆ ಎಳೆ ವಯಸ್ಸೆಂದು 14 ವರ್ಷ ಜೈಲಾಯಿತು.

ಇಲ್ಲಿ ಇಷ್ಟೆಲ್ಲ ಆಗುವಾಗ ಬೇರೆ ದೇಶಗಳಲ್ಲಿ ಅದೇ ಪಿಸ್ತೂಲನ್ನು ಬೇಕಾದಂತೆ ತಿದ್ದಿಕೊಳ್ಳುತ್ತಿದ್ದರು. ಮಹಾಯುದ್ಧದಲ್ಲಿ ಜರ್ಮನ್ ಸೇನೆ ತನ್ನಲ್ಲಿದ್ದ 9 ಎಂಎಂ ಗುಂಡಿಗೆ ಹೊಂದುವಂತೆ ಮಾಡಿಸಿಕೊಂಡಿತು. ಹಳೆಯ 7.63 ಎಂಎಂ ಗುಂಡು ತಪ್ಪಿ ತುಂಬಬಾರದೆಂದು ಹಿಡಿಕೆಯ ಮೇಲೆ ದೊಡ್ಡದಾಗಿ 9 ಕೊರೆದು ಕೆಂಪು ಬಣ್ಣ ಬಳಿದರು. ಯುದ್ಧ ಸೋತ ಮೇಲೆ ಒಪ್ಪಂದದ ಷರತ್ತಿಗಾಗಿ ಎಷ್ಟೋ ಪಿಸ್ತೂಲುಗಳ ನಳಿಗೆಯನ್ನು ಮೊಟಕು ಮಾಡಬೇಕಾಯಿತು. ಚೀನಾಕ್ಕೆ ರೈಫಲ್ ಮಾರಬಾರದೆಂದು ದೊಡ್ಡ ದೇಶಗಳು ತಡೆ ಹಾಕಿದಾಗ, ಪೆಟ್ಟಿಗೆ ಸಿಕ್ಕಿಸುವ ಈ ಪಿಸ್ತೂಲೇ ಅಲ್ಲಿನ ದಂಡನಾಯಕರಿಗೆ ರೈಫಲ್ ಆಯಿತು. ಶಾನ್ಷಿ ಪ್ರಾಂತ್ಯದಲ್ಲಂತೂ .45 ಗಾತ್ರದ ಗುಂಡು ಹಾರಿಸುವ ದಪ್ಪ ಮೌಸರನ್ನು ತಾವೇ ತಯಾರಿಸಿದರು.

ತೀರ ತಮಾಷೆಯ ಬದಲಾವಣೆ ಸಿನಿಮಾದವರದು. 1977ರ ಹಾಲಿವುಡ್ ಚಿತ್ರ ‘ಸ್ಟಾರ್ ವಾರ್ಸ್’ನಲ್ಲಿ ಹ್ಯಾನ್ ಸೋಲೋ ಹಿಡಿದ ಬೆಳಕಿನ ಬಂದೂಕು ಹಳೆಯ ಮೌಸರೇ. ಮೇಲೊಂದು ದುರ್ಬೀನು, ಮುಂದೊಂದು ಲೋಹದ ಮೂತಿ ಸಿಕ್ಕಿಸಿದ್ದರು, ಅಷ್ಟೆ. ಹಳೆ ಪಿಸ್ತೂಲು ಸಂಗ್ರಹಿಸುವವರ ಲೆಕ್ಕದಲ್ಲಿ ತಿದ್ದಿದ್ದಕ್ಕೆ ಬೆಲೆ ಕಡಿಮೆ. ಆದರೆ ಇದು 2022ರಲ್ಲಿ ಅಮೆರಿಕದ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿಗೂ ಮೇಲೆ ಹೋಯಿತು.

ನಮ್ಮಲ್ಲಿ ಇಂಥ ಕೈಚಳಕಕ್ಕೆ ದಾರಿಯಿಲ್ಲ. 1959ರ ಶಸ್ತ್ರ ಕಾಯ್ದೆಯಲ್ಲಿ ಬಿಳಿಯ, ಕರಿಯ ಎಂಬ ಭೇದ ಹೋಯಿತು, ಲೈಸೆನ್ಸ್ ಉಳಿಯಿತು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡೇ ಬಂದೂಕು ಇಟ್ಟುಕೊಳ್ಳಬಹುದು, ಮೊದಲು ಮೂರಿತ್ತು. 9 ಎಂಎಂ ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. ಅನುಮತಿಯಿಲ್ಲದೆ ನಳಿಗೆ ಕತ್ತರಿಸುವುದು ಅಪರಾಧ, ನಂಬರ್ ಉಜ್ಜಿ ಅಳಿಸುವುದೂ ಅಪರಾಧ. ಲೈಸೆನ್ಸ್ ಇದ್ದ ಅಪ್ಪನೋ ಅಜ್ಜನೋ ತೀರಿಕೊಂಡರೆ ಕೋವಿ ತಾನಾಗಿ ಮಕ್ಕಳದ್ದಾಗುವುದಿಲ್ಲ. ಠಾಣೆಯಲ್ಲೋ ಲೈಸೆನ್ಸ್ ಇರುವ ಆಯುಧದ ಅಂಗಡಿಯಲ್ಲೋ ಅದನ್ನು ಒಪ್ಪಿಸಿ, ಬೇಕಿದ್ದರೆ ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಅಲ್ಲೂ ಮೊದಲು ಕೇಳುವುದು ನಂಬರನ್ನೇ.