ಹಳೆಯ ಪತ್ರಿಕೆಗಳಲ್ಲಿ ನಮ್ಮವರನ್ನು ಹುಡುಕುತ್ತಾ

ನಮ್ಮ ಮೂಲ ಕುಂದಾಪುರದ ಕಡೆ. ನಾನು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಈಗ ಮನೆ ಮುಲುಂಡ್‌ನಲ್ಲಿ, ಸಾಫ್ಟ್‌ವೇರ್ ಕೆಲಸ ಐರೋಲಿಯಲ್ಲಿ. ಇತಿಹಾಸ ಓದಿದವಳಲ್ಲ, ಎಂಟೆಕ್ ಮಾಡಿದವಳು. ಆದರೂ ಕಳೆದ ಎರಡು ವರ್ಷ ಭಾನುವಾರಗಳನ್ನೆಲ್ಲ ಇನ್ನೂರು ವರ್ಷ ಹಳೆಯ ಪತ್ರಿಕೆಗಳ ಜೊತೆ ಕಳೆದೆ. ಅದಕ್ಕೆ ಕಾರಣ ನಮ್ಮ ದೊಡ್ಡಮಾವ.

ಊರಿನ ಮೂಲಮನೆಯ ಜೀರ್ಣೋದ್ಧಾರಕ್ಕೆ ಮಾವ ಒಂದು ಕಿರುಹೊತ್ತಗೆ ತರಲು ಹೊರಟಿದ್ದರು. ಅದರ ಮೊದಲ ಸಾಲು: "ಸಿಪಾಯಿ ದಂಗೆಗೂ ಮೊದಲೇ ನಮ್ಮ ಹಿರಿಯರೊಬ್ಬರು ಮಂಗಳೂರು ಹಂಚು ತುಂಬಿದ ಮಂಜಿಯಲ್ಲಿ ಮುಂಬಯಿಗೆ ಬಂದರು." ಚಿಕ್ಕಂದಿನಿಂದ ಕೇಳಿದ ಕಥೆ. "ಕಂಪ್ಯೂಟರ್ ಕಲಿತವಳು ನೀನು, ಆ ಕಾಲದ ಪೇಪರಿನಲ್ಲಿ ಏನಾದರೂ ಸಿಗುತ್ತದಾ ನೋಡು" ಎಂದರು. ನಾನು ಒಪ್ಪಿಕೊಂಡೆ.

ಪತ್ರಿಕೆಗಳ ಮಟ್ಟಿಗೆ ನಮ್ಮ ಮುಂಬಯಿ ಶ್ರೀಮಂತ ಊರು. ಭಾರತದ ಮೊದಲ ಪತ್ರಿಕೆ ಹಿಕ್ಕಿಯ ಬೆಂಗಾಲ್ ಗೆಜೆಟ್ 1780ರಲ್ಲಿ ಕಲ್ಕತ್ತೆಯಲ್ಲಿ ಹೊರಟಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಇಲ್ಲಿ ಬಾಂಬೆ ಹೆರಾಲ್ಡ್ ಬಂತು, ಅದರ ಹಿಂದೆಯೇ ಬಾಂಬೆ ಕೊರಿಯರ್ ಮತ್ತು ಬಾಂಬೆ ಗೆಜೆಟ್. 1822ರ ಜುಲೈ 1ರಂದು ಫರ್ದೂನ್‌ಜೀ ಮರ್ಜ್‌ಬಾನ್ ಅವರು ಗುಜರಾತಿಯಲ್ಲಿ ಮುಂಬಯಿ ಸಮಾಚಾರ್ ಶುರುಮಾಡಿದರು. ಅದು ಇಂದಿಗೂ ಫೋರ್ಟ್‌ನಿಂದ ಹೊರಡುತ್ತಿದೆ. 1832ರ ಜನವರಿ 6ರಂದು ಬಾಳಶಾಸ್ತ್ರಿ ಜಾಂಭೇಕರ್ ಅವರ ದರ್ಪಣ್ ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಬಂತು. 1838ರಲ್ಲಿ ಹುಟ್ಟಿದ ಬಾಂಬೆ ಟೈಮ್ಸ್ ಮುಂದೆ ಟೈಮ್ಸ್ ಆಫ್ ಇಂಡಿಯಾ ಆಯಿತು.

ನಮ್ಮ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅದು ಮರುವರ್ಷವೇ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು. ಮುಂಬಯಿ ಸಮಾಚಾರ್, ಮಂಗಳೂರ ಸಮಾಚಾರ ಎರಡೂ ಹುಟ್ಟಿದ್ದು ಜುಲೈ 1ರಂದೇ. ಹೊರನಾಡ ಕನ್ನಡಿಗಳಾದ ನನಗೆ ಈ ಕಾಕತಾಳೀಯ ಬಹಳ ಇಷ್ಟವಾಯಿತು.

ಹುಡುಕುವುದು ಎಲ್ಲಿ? ಫೋರ್ಟ್‌ನ ಟೌನ್ ಹಾಲ್‌ನಲ್ಲಿರುವ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ ಮೊದಲನೆಯದು. ಅವರ ‘ಗ್ರಂಥ ಸಂಜೀವನಿ’ ಜಾಲತಾಣದಲ್ಲಿ ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಕಾಲಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರವಿದೆ.

ಕೂತು ಹುಡುಕಿದಾಗ ಮೊದಲು ಕೈಕೊಟ್ಟದ್ದು ಕಂಪ್ಯೂಟರೇ. ಹದಿನೆಂಟನೇ ಶತಮಾನದ ಇಂಗ್ಲಿಷ್ ಅಚ್ಚಿನಲ್ಲಿ ಪದದ ನಡುವೆ, ಮೊದಲಲ್ಲಿ ಬರುವ ಎಸ್ ಅಕ್ಷರ ಉದ್ದವಾಗಿ ಎಫ್‌ನಂತೆ ಕಾಣುತ್ತದೆ. ‘ಸೇಲ್’ ಎಂದು ಅಚ್ಚಾದದ್ದನ್ನು ಕಂಪ್ಯೂಟರು ‘ಫೇಲ್’ ಎಂದು ಓದುತ್ತದೆ! ಊರಿನ ಹೆಸರುಗಳದ್ದು ಇನ್ನೊಂದು ಪಜೀತಿ. ಹೊನ್ನಾವರ ಅವರಿಗೆ ‘ಓನೋರ್’, ಠಾಣೆ ‘ಟನ್ನಾ’, ಬಾಂದ್ರಾ ‘ಬಂಡೋರಾ’. ಕುಂದಾಪುರವನ್ನಂತೂ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಕೊನೆಗೆ ಕಾಗುಣಿತಗಳ ಪಟ್ಟಿ ಮಾಡಿ, ಹತ್ತಿರದ ಪದಗಳನ್ನೂ ಹಿಡಿಯುವ ಸಣ್ಣ ಪ್ರೋಗ್ರಾಮ್ ಬರೆದುಕೊಂಡೆ.

ಇನ್ನೊಂದು ಪಾಠವೂ ಸಿಕ್ಕಿತು. ಪತ್ರಿಕೆಯ ತಾರೀಖು ಘಟನೆಯ ತಾರೀಖಲ್ಲ. ಹಾಯಿಹಡಗಿನ ಕಾಲದಲ್ಲಿ ಇಂಗ್ಲೆಂಡಿನ ಸುದ್ದಿ ಇಲ್ಲಿಗೆ ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ಯಾರು ಬರೆದರು ಎನ್ನುವುದನ್ನೂ ನೋಡಬೇಕು. 1837ರಲ್ಲಿ ನಮ್ಮ ರೈತರು ಕೆಲವು ದಿನ ಮಂಗಳೂರನ್ನೇ ವಶಪಡಿಸಿಕೊಂಡಿದ್ದರಲ್ಲ, ನಾವು ಅಮರ ಸುಳ್ಯದ ದಂಗೆ ಎನ್ನುವುದು, ಅದು ಇಂಗ್ಲಿಷರ ಬರಹದಲ್ಲಿ ಬರೀ ಪುಂಡರ ಗಲಭೆ. ನಮ್ಮವರ ಮಾತು ಅಲ್ಲಿಲ್ಲ.

ಹಾಗಾದರೆ ನಮ್ಮ ಹಿರಿಯರು ಸಿಕ್ಕಿದರೇ? ಇಲ್ಲ. ಹಡಗುಗಳ ಪಟ್ಟಿ ಸಿಕ್ಕಿತು. ಯಾವ ಹಡಗು ಬಂತು, ಕಪ್ತಾನ ಯಾರು, ಯಾವ ದೊರೆ, ಯಾವ ದೊರೆಸಾನಿ ಇಳಿದರು ಎಂಬುದೆಲ್ಲ ಇತ್ತು. ಅವರ ಜೊತೆ ಬಂದ ಆಳುಗಳಿಗೆ ‘ಸೇವಕರು’ ಎಂಬುದೇ ಹೆಸರು. ಮಂಜಿ, ಪತ್ತೆಮಾರಿಗಳಲ್ಲಿ ಬಂದವರ ಹೆಸರು ನಾನು ನೋಡಿದ ಯಾವ ಪುಟದಲ್ಲೂ ಇರಲಿಲ್ಲ.

ಸಿಕ್ಕಿದ್ದು ಬೇರೆಯೇ ಸಂಗತಿ. ಮಂಗಳೂರು ಹಂಚಿನ ಬಗ್ಗೆ ಹುಡುಕುತ್ತಾ ಹೋದರೆ, ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೇ 1865ರಲ್ಲಿ! ಸಿಪಾಯಿ ದಂಗೆ 1857ರದ್ದು. ಅದಕ್ಕೂ ಮೊದಲು ಬಂದ ಮಂಜಿಯಲ್ಲಿ ಆ ಹಂಚು ಇರಲು ಸಾಧ್ಯವೇ ಇಲ್ಲ. ಹಂಚು ನಿಜವಾದರೆ ಕಾಲ ತಪ್ಪು, ಕಾಲ ನಿಜವಾದರೆ ಹಂಚು ತಪ್ಪು.

ಮಾವನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಬೇಸರವಾಯಿತು. "ಹಿರಿಯರು ಸುಳ್ಳು ಹೇಳಿದರು ಅಂತ ಬರೆಯಬೇಕಾ?" ಎಂದು ಫೋನ್ ಇಟ್ಟುಬಿಟ್ಟರು. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಮನೆತನ ಆಸೆಯಿಂದ ಕಾಪಾಡಿಕೊಂಡ ಕಥೆಯನ್ನು ಕೆಡವಲು ನಾನು ಯಾರು?

ಮರುದಿನ ಅಜ್ಜಿಯ ಹತ್ತಿರ ಕೂತೆ. ಅಜ್ಜಿಗೆ ಎಂಬತ್ತೇಳು. ಬೆಳಿಗ್ಗೆ ತಿಂದದ್ದು ಸಂಜೆಗೆ ಮರೆತುಹೋಗುತ್ತದೆ. ಪತ್ರಿಕೆಗಳಲ್ಲಿ ನೋಡಿದ್ದನ್ನೆಲ್ಲ ಅವರಿಗೆ ಹೇಳಿದೆ. ಮಗು ಹುಟ್ಟಿದ ಸುದ್ದಿಯಲ್ಲಿ ಸಹ "ಕಪ್ತಾನ ಇಂಥವರ ಪತ್ನಿಗೆ ಗಂಡುಮಗು" ಎಂದಿರುತ್ತದೆ, ಹೆತ್ತವಳ ಹೆಸರೇ ಇರುವುದಿಲ್ಲ, ದೊರೆಸಾನಿಯಾದರೂ ಅಷ್ಟೇ ಎಂದೆ. ಅಜ್ಜಿ ನಕ್ಕರು. "ಹೆಂಗ್ಸ್ರ್ ಹೆಸ್ರ್ ಯಾರ್ ಬರಿತ್ರ್ ಮಗಾ?" ಎಂದರು.

ಆಗ ನನಗೆ ಥಟ್ಟನೆ ಹೊಳೆಯಿತು. ನಮ್ಮದು ಅಳಿಯಕಟ್ಟಿನ ಮನೆತನ. ಬಳಿ ಬರುವುದು ತಾಯಿಯಿಂದ, ಕುಟುಂಬ ಬೆಳೆಯುವುದು ಹೆಣ್ಣಿನಿಂದ. ನಾನು ಮಾತ್ರ ಎರಡು ವರ್ಷ ಗಂಡಸೊಬ್ಬನ ಹೆಸರನ್ನು ಪರದೇಶದವರ ಪತ್ರಿಕೆಯಲ್ಲಿ ಹುಡುಕಿದ್ದೆ! "ಅಜ್ಜಿ, ನಿಮ್ಮ ಅಮ್ಮನ ಹೆಸರು? ಅವರ ಅಮ್ಮ?" ಎಂದು ಕೇಳಿದೆ. ಬೆಳಗಿನ ತಿಂಡಿ ನೆನಪಿಲ್ಲದ ಅಜ್ಜಿ ತಮ್ಮಿಂದ ಹಿಂದಕ್ಕೆ ಐದು ತಾಯಂದಿರ ಹೆಸರನ್ನು ತಡವರಿಸದೆ ಹೇಳಿದರು. ಅದರಲ್ಲಿ ಮೂವರಿಗೆ ಒಂದೇ ಹೆಸರು, ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ಪದ್ಧತಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಕೈಯಲ್ಲೂ ಬರೆದೆ. ಮಂಜಿಯಲ್ಲಿ ಹಂಚೇ ಇತ್ತಾ ಎಂದು ಕೇಳಿದ್ದಕ್ಕೆ, "ನನ್ನಮ್ಮ ಹೇಳುತ್ತಿದ್ದದ್ದು ಅಕ್ಕಿ ಮಂಜಿ. ಹಂಚು ಸೇರಿಸಿದ್ದು ಯಾರೋ" ಎಂದರು. ಕೆನರಾದ ಅಕ್ಕಿ ಹಿಂದಿನಿಂದಲೂ ಸಮುದ್ರದ ಮೇಲೆ ಹೊರಗೆ ಹೋಗುತ್ತಿದ್ದ ಸರಕು. ಅಲ್ಲಿಗೆ ಹಿರಿಯರೂ ಸುಳ್ಳಾಗಲಿಲ್ಲ, ತಾರೀಖೂ ಸುಳ್ಳಾಗಲಿಲ್ಲ.

ಇದನ್ನು ಕೇಳಿ ಮಾವ ಕರಗಿದರು. ಪೆಟ್ಟಿಗೆಯಲ್ಲಿದ್ದ ಹಳೆಯ ಪಾಲುಪತ್ರವನ್ನು ತಾವೇ ತೆಗೆದು ಕಳಿಸಿದರು. ಅಜ್ಜಿ ಹೇಳಿದ ಹೆಸರುಗಳಲ್ಲಿ ಎರಡು ಅದರಲ್ಲಿದ್ದವು, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ. ಆ ಹೆಬ್ಬೆಟ್ಟು ನೋಡಿ ನನ್ನ ಕಣ್ಣು ತುಂಬಿತು. ಕಿರುಹೊತ್ತಗೆಯ ಮೊದಲ ಪುಟದಲ್ಲಿ ಈಗ ಐವರು ತಾಯಂದಿರ ಹೆಸರಿದೆ. ಮಂಜಿಯ ಕಥೆ ಎರಡನೆಯ ಪುಟದಲ್ಲಿ, "ಎಂದು ಹೇಳುತ್ತಾರೆ" ಎಂಬ ಮಾತಿನೊಂದಿಗೆ.

ನಿಮ್ಮ ಮನೆತನದ ಬೇರು ಹುಡುಕುವ ಆಸೆ ನಿಮಗೂ ಇದ್ದರೆ ನನ್ನ ಅನುಭವದಿಂದ ಕೆಲವು ಮಾತು. ಮೊದಲು ಮನೆಯ ಹಿರಿಯರನ್ನು ಕೇಳಿ, ಗ್ರಂಥಾಲಯ ಎಲ್ಲೂ ಓಡಿಹೋಗುವುದಿಲ್ಲ. ನಂತರ ಪಾಲುಪತ್ರ, ಪಟ್ಟೆ, ಶಾಲೆಯ ಸರ್ಟಿಫಿಕೇಟು, ಲಗ್ನಪತ್ರಿಕೆ ನೋಡಿ. ಊರು ಯಾವ ಪ್ರಾಂತದಲ್ಲಿತ್ತು ಎಂದು ತಿಳಿದುಕೊಳ್ಳಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ಕುಂದಾಪುರ, ಉಡುಪಿ, ಮಂಗಳೂರು ಮದ್ರಾಸಿನಲ್ಲೇ ಉಳಿದವು. ಹಾಗಾಗಿ ಕಾರವಾರದವರು ಮುಂಬಯಿಯ ದಾಖಲೆ ನೋಡಿದರೆ ನಾವು ಚೆನ್ನೈಯದ್ದನ್ನೂ ನೋಡಬೇಕು. ಪತ್ರಿಕೆ ಕೊನೆಗೆ. ಅದು ವ್ಯಕ್ತಿಯನ್ನು ಕೊಡದಿರಬಹುದು, ಆದರೆ ಕಾಲವನ್ನು ಕೊಡುತ್ತದೆ, ನಮ್ಮ ಕಥೆಯನ್ನು ಒರೆಗೆ ಹಚ್ಚಿ ನೋಡಲು ಕಲಿಸುತ್ತದೆ.

ಇನ್ನೊಂದು ವಿನಂತಿ. ಇನ್ನೂರು ವರ್ಷದ ನಂತರ ಯಾರೋ ಮೊಮ್ಮಗಳು ನಮ್ಮನ್ನು ಹುಡುಕಿದರೆ ಅವಳಿಗೆ ಸಿಗುವುದು ಇಂಥ ಸ್ಮರಣ ಸಂಚಿಕೆಗಳೇ. ಆದ್ದರಿಂದ ಸಂಘದ ಫೋಟೋಗಳ ಕೆಳಗೆ "ಮಹಿಳಾ ವಿಭಾಗದ ಸದಸ್ಯೆಯರು" ಎಂದಷ್ಟೇ ಬರೆದು ಬಿಡಬೇಡಿ. ಎಡದಿಂದ ಬಲಕ್ಕೆ ಪ್ರತಿಯೊಬ್ಬರ ಹೆಸರನ್ನೂ ಬರೆಯಿರಿ.